ಎತ್ತಿದ ಸುತ್ತಿಗೆ ಇಳಿಯುವ ತನಕ

ಬೆನ್ನ ಹಿಂದೆ ಬಾಗಿಲು ದಢಾರನೆ ಮುಚ್ಚಿಕೊಂಡಾಗ ಅವಳು ಬಾಗಿಲಿಗೇ "ಸಾರಿ" ಅಂದಳು.

ಅಭ್ಯಾಸಬಲ. ಏನು ಮಾಡುವುದು…

ಮೇಜಿನ ಆಚೆ ಕೂತಿದ್ದವನು ತಲೆ ಎತ್ತಿದ. ಕೈಯಲ್ಲಿ ಸ್ಕ್ರೂಡ್ರೈವರ್, ಮುಂದೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಒಂದು ಗೇಮ್ ಕಂಟ್ರೋಲರ್. ಅವನು ಬಾಯಿ ತೆರೆದ. ತೆರೆದವನು ಹಾಗೇ ಉಳಿದ. 

ಬೈಯುತ್ತಾನೆ. ಖಂಡಿತ ಬೈಯುತ್ತಾನೆ.

"ಸಾರಿ, ತೊಂದರೆ ಕೊಟ್ಟೆ ಅನ್ಸುತ್ತೆ, ಸೂಪರ್‌ವೈಸರ್ ಕಳಿಸಿದ್ರು, ಬೇಕಾದ್ರೆ ನಾನು ಹೊರಗೇ ನಿಂತಿರ್ತೀನಿ," ಎಂದು ಒಂದೇ ಉಸಿರಿಗೆ ಹೇಳಿ ತಿರುಗಿ ಬಾಗಿಲು ಎಳೆದಳು. ಅದು ಅಲ್ಲಾಡಲಿಲ್ಲ.

"ಕೂತ್ಕೊಳ್ಳಿ," ಅಂದ ಅವನು. ಅಷ್ಟು ಹೊತ್ತೂ ಅವನ ಗಂಟಲಲ್ಲಿದ್ದದ್ದು ಆ ಒಂದು ಮಾತು. ಮತ್ತೆ ಸ್ವಲ್ಪ ತಡೆದು, "ಆ ಬಾಗಿಲು… ಒಳಗಿಂದ ತೆಗೆಯಲ್ಲ," ಅಂದ.

ನಿಜ. ಅದು ಗೇಮ್ ಯಂತ್ರ ಮಾರುವ ಕಂಪನಿಯ ರಿಪೇರಿ ಕೋಣೆ. ಒಂದು ಕಿಟಕಿಯೂ ಇಲ್ಲ. ಬಿಡಿಭಾಗ ಕಳ್ಳತನವಾಗುತ್ತದೆಂದು ಬಾಗಿಲಿಗೆ ಕಾರ್ಡಿನ ಬೀಗ ಹಾಕಿದ್ದರು. ಒಳಗೆ ಹೋಗಲೂ ಹೊರಗೆ ಬರಲೂ ಸೂಪರ್‌ವೈಸರ್ ಕೊರಳಲ್ಲಿ ನೇತಾಡುವ ಆ ಒಂದೇ ಕಾರ್ಡು ಬೇಕು. ಬೆಂಕಿ ಬಿದ್ದರೆ ಒಳಗಿರುವ ಮನುಷ್ಯನ ಗತಿ ಏನು ಅಂತ ಯಾರೂ ಕೇಳಿರಲಿಲ್ಲ, ಸ್ಕ್ರೂ ಒಂದೂ ಕಳೆಯದಿದ್ದರೆ ಕಂಪನಿಗೆ ಸಾಕು. ಕೆಟ್ಟ ಯಂತ್ರಗಳು ಒಳಗೆ ಬರಲು ಮಾತ್ರ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಕಿಂಡಿ ಇತ್ತು.

ಅವಳದು ಮೇಲಿನ ಮಹಡಿಯಲ್ಲಿ ಫೋನಿನ ಕೆಲಸ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗಿರಾಕಿಗಳ ದೂರು ಕೇಳುವುದು. ಕೇಳುವುದೆಲ್ಲಿ ಬಂತು… ಆ ಕಡೆಯವರು ಉಸಿರೆಳೆದುಕೊಳ್ಳುವಷ್ಟರಲ್ಲಿ ಇವಳ ಕ್ಷಮಾಪಣೆ ಮುಗಿದಿರುತ್ತಿತ್ತು. ಕರೆಗಳು ಬೇಗ ಮುಗಿಯುತ್ತವೆ ಎಂದು ಕಂಪನಿಗೆ ಬಲು ಖುಷಿ. ಜೊತೆಯವರು ಅವಳಿಗಿಟ್ಟ ಹೆಸರು 'ಸಾರಿ ಮೇಡಂ'.

ರಿಪೇರಿಯವನಿಗೂ ಒಂದು ಹೆಸರಿತ್ತು. ನಿಧಾನಪ್ಪ. 'ಊಟ ಆಯ್ತಾ' ಅಂತ ಅವನನ್ನು ಮಧ್ಯಾಹ್ನ ಕೇಳಿದರೆ ಉತ್ತರ ಸಂಜೆ ಕಾಫಿಗೆ ಬರುತ್ತದೆ ಎಂದು ನಗುತ್ತಿದ್ದರು.

ಇಬ್ಬರನ್ನೂ ಒಂದೇ ಕೋಣೆಗೆ ನೂಕಿದ್ದು ಒಂದು ಆಟ. ಹೊಸದಾಗಿ ಬಂದಿತ್ತು. ಆಡಿದವರೆಲ್ಲ ಫೋನ್ ಮಾಡಿ ಅರಚುತ್ತಿದ್ದರು. ಗುಂಡಿ ಒತ್ತಿದೆ, ಆಟದ ಸಿಪಾಯಿ ಪಕ್ಕಕ್ಕೆ ಉರುಳಲೇ ಇಲ್ಲ, ಏಟು ತಿಂದು ಸತ್ತ, ನಿಮ್ಮ ಕಂಟ್ರೋಲರ್ ದಂಡ ಅಂತ. ವಾಪಸ್ ಬಂದ ಕಂಟ್ರೋಲರ್‌ಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ನಿಧಾನಪ್ಪ ಬಿಚ್ಚಿ ನೋಡಿದರೆ ಒಂದರಲ್ಲೂ ದೋಷವಿಲ್ಲ. ತಪ್ಪು ಯಂತ್ರದ್ದೋ ಕೈಯದ್ದೋ, ಆಟದ ಗಂಧಗಾಳಿ ಇಲ್ಲದ ಒಬ್ಬರು ಆಡಿ ಹೇಳಲಿ ಎಂದು ಮ್ಯಾನೇಜರ್ ಅಪ್ಪಣೆಯಾಯಿತು. ಆ ಗೂಡಿಗೆ ಹೋಗಲು ಎಲ್ಲರೂ ಒಲ್ಲೆ ಅಂದರು. ಒಲ್ಲೆ ಅನ್ನಲು ಬಾರದವಳು ಇವಳೊಬ್ಬಳೇ.

ಮನೆಯಲ್ಲೂ ಅದೇ ಕಥೆ.

ಅಪ್ಪ ಅಮ್ಮ ಹೋದ ಮೇಲೆ ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಅವಳಿಗೆ ಅಂತ ಕೋಣೆ ಇರಲಿಲ್ಲ. ಎಲ್ಲರೂ ಟಿವಿ ನೋಡಿ ಎದ್ದ ಮೇಲೆ ನಡುಮನೆಯ ಸೋಫಾ ಅವಳ ಹಾಸಿಗೆ. ಬಾಗಿಲು ಹಾಕಿಕೊಂಡು ಅಳಬೇಕೆಂದರೆ ಸ್ನಾನದ ಮನೆಯೇ ಗತಿ, ಅಲ್ಲೂ ಯಾರಾದರೂ ತಟ್ಟುತ್ತಿದ್ದರು. ಅಣ್ಣ "ನೀನು…" ಎಂದು ಬಾಯಿ ತೆರೆದರೆ ಸಾಕು, ಅವಳ ಬಾಯಲ್ಲಿ "ಆಯ್ತಣ್ಣ" ಸಿದ್ಧ. ಆ ಕೋಣೆಗೆ ಹೋಗತೊಡಗಿದ ವಾರವೇ ಒಂದು ಸಂಜೆ ಅವಳು ಕುಕ್ಕರ್ ತಿಕ್ಕುತ್ತಿದ್ದಾಗ ಅವನು ಬಂದು, ನಿನ್ನ ವಿಷಯ ಒಬ್ಬರ ಹತ್ತಿರ ಮಾತಾಡಿದ್ದೀನಿ, ಎಂದು ಶುರು ಮಾಡಿದ. ಇವಳು ನಲ್ಲಿ ಕೂಡ ನಿಲ್ಲಿಸದೆ "ಆಯ್ತಣ್ಣ" ಅಂದುಬಿಟ್ಟಳು.

ಯಾವುದಕ್ಕೆ ಆಯ್ತು ಅಂದೆ ಎನ್ನುವುದು ಅತ್ತಿಗೆಯಿಂದ ಗೊತ್ತಾದದ್ದು. ಅದು ಮದುವೆಗೆ. ಅಣ್ಣನ ಆಫೀಸಿನ ದೊಡ್ಡವರ ತಮ್ಮ. ದೂರದ ಊರು. ಹಾಸಿಗೆ ಹಿಡಿದ ಅತ್ತೆ. ಸೊಸೆ ಕೆಲಸಕ್ಕೆ ಹೋಗಕೂಡದು. ಬರುವ ಭಾನುವಾರದ ಮುಂದಿನ ಭಾನುವಾರ ಬಂದು ಮಾತು ಮುಗಿಸುತ್ತಾರೆ.

'ನಾನು ಒಪ್ಪಿದ್ದೀನಂತೆ…' ಎಂದು ಅವಳು ಸೋಫಾದ ಮೇಲೆ ಮಗ್ಗುಲಾದಳು. 'ನನ್ನ ಬಾಯಿ ಒಪ್ಪಿದೆ. ನಾನು ಯಾವಾಗ ಒಪ್ಪಿದೆ?'

ಆಟದಲ್ಲಿ ಒಂದು ಕೋಟೆ ಅಂಗಳ. ಒಳಗೆ ಕಾಲಿಟ್ಟ ಕೂಡಲೇ ಹಿಂದಿನ ಗೇಟು ಬೀಳುತ್ತದೆ. ಗೆಲ್ಲಬೇಕು, ಇಲ್ಲ ಸಾಯಬೇಕು. ಅಂಗಳದ ನಡುವೆ ಕಬ್ಬಿಣದ ಅಂಗಿ ತೊಟ್ಟ ಮುದಿ ಕಾವಲುಗಾರ, ಹೆಗಲ ಮೇಲೆ ಆಳೆತ್ತರದ ಸುತ್ತಿಗೆ. ಅವಳು ಅವನಿಗೆ ಗೇಟಯ್ಯ ಎಂದು ಹೆಸರಿಟ್ಟಳು.

ಗೇಟಯ್ಯ ಸುತ್ತಿಗೆ ಎತ್ತಿದ. ಅವಳು ಗಾಬರಿಯಲ್ಲಿ ಗುಂಡಿ ಒತ್ತಿದಳು, ಒತ್ತಿದಳು, ಒತ್ತಿದಳು. ಅವಳ ಸಿಪಾಯಿ ಉರುಳಿದ, ಮತ್ತೆ ಉರುಳಿದ, ಗೋಡೆಗೆ ಬೆನ್ನು ಹತ್ತುವವರೆಗೂ ಉರುಳಿ ಉಸಿರು ಸೋತು ನಿಂತ. ಆಗ ಇಳಿಯಿತು ಸುತ್ತಿಗೆ.

ಸತ್ತಳು. ಮತ್ತೆ, ಸತ್ತವರು ಎದ್ದು ಬರುವ ದೀಪದ ಕಂಬದಿಂದ ನಡೆದು ಬಂದಳು. ಸತ್ತಳು. ಊಟಕ್ಕೆ ಮುಂಚೆ ಸತ್ತಳು, ಊಟ ಆದ ಮೇಲೂ ಸತ್ತಳು. ಇಡೀ ವಾರ ಇದೇ ಆಯಿತು. ಸಾಯುವಾಗೆಲ್ಲ ಅವಳು ಗೇಟಯ್ಯನಿಗೂ "ಸಾರಿ" ಅನ್ನುವುದನ್ನು ಕೇಳಿ ನಿಧಾನಪ್ಪನ ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಾನೆ! ಅವಳಿಗೆ ಸಿಟ್ಟು ಬಂತು. ಯಾರ ಮೇಲೂ ಬಾರದ ಸಿಟ್ಟು ಅವನ ಮೇಲೆ ಬಂತು.

"ಯಂತ್ರಾನೇ ಸರಿ ಇಲ್ಲ ರೀ. ನಾನು ಒಂದು ಒತ್ತಿದ್ರೆ ಇದು ಇನ್ನೊಂದು ಮಾಡುತ್ತೆ."

ಅವನು ಬೆಸುಗೆಯ ಕಡ್ಡಿ ಕೆಳಗಿಟ್ಟ. ಯೋಚಿಸಿದ. ಅವಳಿಗೆ ಅಷ್ಟರಲ್ಲಿ ಮತ್ತೊಂದು ಸಲ ಸಾಯುವಷ್ಟು ಸಮಯ ಸಿಕ್ಕಿತು.

"ಯಂತ್ರ ನೀವು ಒತ್ತಿದ್ದನ್ನೆಲ್ಲ… ನೆನಪಿಟ್ಕೊಳ್ಳುತ್ತೆ," ಅಂದ. "ಗಾಬರೀಲಿ ಮೂರು ಸಲ ಒತ್ತಿದ್ರೆ, ಆಮೇಲೆ ನಿಮಗೆ ಬೇಡದೇ ಇದ್ರೂ… ಮೂರು ಸಲ ಮಾಡುತ್ತೆ. ಅದರ ತಪ್ಪಲ್ಲ ಅದು."

ಅವಳ ಕೈ ನಿಂತಿತು. ನಲ್ಲಿ ಸದ್ದಿನಲ್ಲಿ ಹೇಳಿದ ಆ "ಆಯ್ತಣ್ಣ" ನೆನಪಾಯಿತು. ಬೇಡವೆಂದರೂ ನಡೆದೇ ಹೋಗುತ್ತಿರುವ ಮದುವೆ…

"ಮತ್ತೆ ಏನು ಮಾಡ್ಬೇಕು?"

"ಅವನು ಎತ್ತಿದಾಗ ಏನೂ ಮಾಡ್ಬೇಡಿ. ನೋಡ್ತಾ ನಿಂತ್ಕೊಳ್ಳಿ. ಇಳಿಯೋವಾಗ… ಹಿಂದಕ್ಕಲ್ಲ, ಅವನ ಕಡೇಗೇ ಉರುಳಿ. ಏಟು ಹಾಕಿದ ಮೇಲೆ ಅವನೂ ಉಸಿರು ತಗೋಬೇಕಲ್ಲ."

ಹೇಳುವುದು ಸುಲಭ. ತಲೆ ಮೇಲೆ ಬಂಡೆಯಂಥ ಸುತ್ತಿಗೆ ಎತ್ತಿ ನಿಂತವನ ಮುಂದೆ ಸುಮ್ಮನೆ ನಿಲ್ಲುವುದೆಂದರೆ! ಗೇಟಯ್ಯನೋ ಪಕ್ಕಾ ಕಿಲಾಡಿ. ಎತ್ತಿದ ಸುತ್ತಿಗೆಯನ್ನು ಬೇಕೆಂದೇ ಗಾಳಿಯಲ್ಲಿ ಹಿಡಿದು ನಿಲ್ಲುತ್ತಿದ್ದ, ನೀನೇ ಮೊದಲು ಓಡು ಅನ್ನುವಂತೆ. ಅವಳು ಹೆಬ್ಬೆರಳನ್ನು ಗುಂಡಿಯಿಂದ ಎತ್ತಿ ಹಿಡಿದಳು. ಹಲ್ಲು ಕಚ್ಚಿ ನಿಂತಳು. ಇನ್ನೂ ಇಲ್ಲ… ಇನ್ನೂ ಇಲ್ಲ…

ಈಗ.

ಸುತ್ತಿಗೆ ಅವಳ ಬೆನ್ನ ಹಿಂದಿನ ಕಲ್ಲಿಗೆ ಬಡಿಯಿತು. ಅವಳು ಅವನ ಕಂಕುಳ ಕೆಳಗಿದ್ದಳು! ಮೈಗೆ ಒಂದು ಗೀರೂ ಇಲ್ಲ. ಕತ್ತಿ ಬೀಸಿದಳು. ಒಂದೇ ಏಟು. ಮತ್ತೆ ಹಿಂದೆ ಸರಿದು ನಿಂತಳು. ಬಾ ಮಾರಾಯ, ಎತ್ತು ಇನ್ನೊಂದು ಸಲ.

ಆ ಸಲವೂ ಕೊನೆಗೆ ಸತ್ತಳು. ಆದರೆ "ಸಾರಿ" ಅನ್ನಲಿಲ್ಲ. ನಕ್ಕಳು.

ಅಲ್ಲಿಂದ ಮುಂದೆ ಅವಳಿಗೆ ಗೇಟಯ್ಯ ವೈರಿ ಅನಿಸಲಿಲ್ಲ. ಅವನ ಹೆಜ್ಜೆ, ಅವನ ತಿರುವು, ಎಡಭುಜ ಬಗ್ಗಿಸಿದರೆ ಅಡ್ಡ ಬೀಸುತ್ತಾನೆ, ಮಂಡಿ ಮಡಚಿದರೆ ಹಾರುತ್ತಾನೆ, ಎಲ್ಲ ಅವಳ ಬೆರಳಿಗೆ ತಿಳಿಯತೊಡಗಿತು. ಸೋಲುವುದರಲ್ಲೂ ರುಚಿ ಹತ್ತಿತು. ಮೇಲೆ ಫೋನು, ಮನೆಯಲ್ಲಿ ಸೋಫಾ, ಎದುರಿಗೆ ಭಾನುವಾರ… ಎಲ್ಲ ಕಡೆ ಸಿಕ್ಕಿಬಿದ್ದವಳಿಗೆ ಗೇಟು ಬಿದ್ದ ಆ ಅಂಗಳದಲ್ಲೇ ಮೊದಲ ಸಲ ಕೈಕಾಲು ತನ್ನವು ಅನಿಸಿತು. ನಿಧಾನಪ್ಪ ಈಗ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಿದ್ದ. ಅವಳ ಚಹಾ ಆರದಂತೆ ಲೋಟದ ಮೇಲೆ ತಟ್ಟೆ ಮುಚ್ಚಿಡುತ್ತಿದ್ದ. ಅವನ ಮೊಣಕೈ ತಾಗಿದರೆ ಅವಳಿಗೆ ಗೇಟಯ್ಯನ ಹೆಜ್ಜೆ ಮರೆತುಹೋಗುತ್ತಿತ್ತು.

ಎರಡನೇ ವಾರದ ಶುಕ್ರವಾರ ಗೇಟಯ್ಯ ಮಂಡಿಯೂರಿ ಬಿದ್ದ. ಕೋಟೆಯ ಬಾಗಿಲು ತೆರೆಯಿತು. ಅವಳು ಕುರ್ಚಿಯಿಂದ ಎಗರಿ ನಿಧಾನಪ್ಪನ ತೋಳು ಹಿಡಿದಳು, ಮರುಕ್ಷಣ ಬಿಟ್ಟಳು. ಅಯ್ಯೋ, ಗೆದ್ದರೆ ಈ ಕೋಣೆ ಮುಗಿಯಿತಲ್ಲ… ತಪ್ಪು ಯಂತ್ರದ್ದಲ್ಲ, ಅವಸರದ ಕೈಯದ್ದು ಎಂದು ಮ್ಯಾನೇಜರ್‌ಗೆ ಹೇಳಿಬಿಟ್ಟರೆ ನಾಳೆಯಿಂದ ಮತ್ತೆ ಮೇಲೆ, ಫೋನಿನ ಮುಂದೆ.

ಸೂಪರ್‌ವೈಸರ್ ಬಾಗಿಲು ತೆಗೆದು ಅವಳಿಗಾಗಿ ಕಾಯುತ್ತಿದ್ದ. ನಿಧಾನಪ್ಪ ಎದ್ದು ನಿಂತ. ಮುಖ ಕೆಂಪಾಗಿತ್ತು.

"ನಾಳೆಯಿಂದ ನೀವು ಇಲ್ಲಿಗೆ ಬರೋದು…"

ನಿಂತ. ತುಟಿ ಅಲ್ಲಾಡಿತು, ಮಾತು ಬರಲಿಲ್ಲ.

'ಬೇಡ ಅಂತಿದ್ದಾನೆ. ತೋಳು ಹಿಡಿದದ್ದು ತಪ್ಪಾಯಿತು…'

"ಬರಲ್ಲ. ಗೊತ್ತಾಯ್ತು. ಸಾರಿ," ಎಂದವಳೇ ಹೊರಬಿದ್ದಳು. ಬಾಗಿಲು ಮುಚ್ಚಿತು. ಅವನು ಒಳಗಿಂದ ಬಡಿದನೋ ಏನೋ, ಅವಳು ಮೆಟ್ಟಿಲ ಮೇಲಿದ್ದಳು.

ಶನಿವಾರ ಸಂಜೆ ಅಣ್ಣ ಅವಳನ್ನು ಕರೆದು ಕೂರಿಸಿದ. ಅತ್ತಿಗೆ ಬಟ್ಟೆ ಮಡಿಸುತ್ತಿದ್ದಳು. ಅವನು ತೋರುಬೆರಳು ಎತ್ತಿ, "ನಾಳೆ ಅವರು ಬಂದಾಗ ನೀನು…" ಎಂದ.

ಅಲ್ಲಿಗೆ ಅವನ ಮಾತು ನಿಂತಿತು. ಅಭ್ಯಾಸದ ಪ್ರಕಾರ ಆ ಜಾಗದಲ್ಲಿ ಒಂದು "ಆಯ್ತಣ್ಣ" ಬೀಳಬೇಕಿತ್ತು. ಅವಳ ನಾಲಿಗೆಯ ತುದಿಗೂ ಬಂದಿತ್ತು.

ಅವಳು ಎತ್ತಿದ ಆ ಬೆರಳನ್ನೇ ನೋಡಿದಳು. ಇನ್ನೂ ಇಲ್ಲ…

ಅಣ್ಣ ಗಲಿಬಿಲಿಗೊಂಡ. ಕೇಳಿಸ್ತಾ ಎಂದ. ಅವಳು ಸುಮ್ಮನಿದ್ದಳು. ಆಗ ಬಿತ್ತು ನೋಡಿ ಏಟು. ಎಷ್ಟು ವರ್ಷ ಸಾಕಿದ್ದೀನಿ ಗೊತ್ತಾ, ನಿನಗೋಸ್ಕರ ಏನೆಲ್ಲ ಬಿಟ್ಟೆ, ಆಫೀಸಿನಲ್ಲಿ ನನ್ನ ಮುಖ ಏನಾಗಬೇಕು, ಹೆಣ್ಣುಮಗಳಿಗೆ ಇಷ್ಟು ಕೊಬ್ಬು ಒಳ್ಳೆಯದಲ್ಲ… ಮನೆ ಹಾರಿಹೋಗುವಂತೆ ಕೂಗಾಡಿದ. ಪ್ರತಿ ಮಾತೂ ಅವಳಿಗೆ ತಾಗಿತು. ಆದರೂ ಅಡ್ಡ ಬಾಯಿ ಹಾಕಲಿಲ್ಲ, ಅಳಲಿಲ್ಲ, ಸ್ನಾನದ ಮನೆಗೆ ಓಡಲಿಲ್ಲ. ಅವನು ಎಲ್ಲವನ್ನೂ ಬೀಸಿ ಮುಗಿಸಿ, ಉಸಿರು ಎಳೆದುಕೊಳ್ಳಲು ನಿಂತ.

ಈಗ.

"ನಾನು ಒಪ್ಪಿಲ್ಲ ಅಣ್ಣ," ಅಂದಳು. "ಆವತ್ತು ನೀನು ಕೇಳೋಕೆ ಮುಂಚೇನೇ ಆಯ್ತು ಅಂದಿದ್ದೆ. ಅದು ಉತ್ತರ ಅಲ್ಲ. ಈಗ ಕೇಳು."

ಅಣ್ಣ ಬಾಯಿ ತೆರೆದ. ಇಷ್ಟು ವರ್ಷದಲ್ಲಿ ತಂಗಿಯನ್ನು ಒಂದು ಪ್ರಶ್ನೆ ಪೂರ್ತಿ ಕೇಳಿದವನಲ್ಲ, ಹೇಗೆ ಕೇಳಬೇಕೆಂದು ತಿಳಿಯಲಿಲ್ಲ.

"ಕೇಳ್ರೀ," ಅಂದಳು ಅತ್ತಿಗೆ, ಮಡಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ. "ನನ್ನನ್ನಂತೂ ಯಾರೂ ಕೇಳಿರಲಿಲ್ಲ. ಅವಳನ್ನಾದ್ರೂ ಕೇಳಿ."

ಅಣ್ಣ ಎತ್ತಿದ ಬೆರಳನ್ನು ಕೆಳಗಿಳಿಸಿದ.

"ನಿನಗೆ… ಇಷ್ಟ ಇದೆಯಾ?"

"ಇಲ್ಲ."

ಅವನು ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ನಾಳೆ ಬರಬೇಡಿ ಎಂದು ಅವರಿಗೆ ಹೇಳುವುದು ಗಾಜಿನಾಚೆಯಿಂದ ಅರ್ಧಂಬರ್ಧ ಕೇಳಿಸಿತು. ಆಮೇಲೆ ಅವಳ ಜೊತೆ ಮಾತು ಬಿಟ್ಟ. ಬಿಡಲಿ. ಸೋಫಾ ಅದೇ ಸೋಫಾ, ಬೆನ್ನಿಗೆ ಚುಚ್ಚುವ ಸ್ಪ್ರಿಂಗೂ ಅದೇ. ಆದರೆ ಮಲಗಿದವಳಿಗೆ ಒಂದು ಯೋಚನೆ ಬಂತು.

'ಅಣ್ಣನ ಮಾತನ್ನು ಪೂರ್ತಿ ಕೇಳಿದ್ದಕ್ಕೆ ಅದು ನಾನಂದುಕೊಂಡ ಕಡೆ ಮುಗಿಯಲಿಲ್ಲ. ಹಾಗಾದರೆ… ರಿಪೇರಿ ಕೋಣೆಯಲ್ಲಿ ಅವರು ಶುರು ಮಾಡಿದ ಮಾತು? ಅದನ್ನು ಮುಗಿಸಿದ್ದು ಅವರಲ್ಲ. ನಾನು!'

ಸೋಮವಾರ ಊಟದ ಬಿಡುವು ಆಗುತ್ತಿದ್ದಂತೆ ಕೆಳಗೆ ಓಡಿದಳು. ಕಾರ್ಡಿಲ್ಲ. ಸೂಪರ್‌ವೈಸರ್ ಊಟಕ್ಕೆ ಹೋಗಿದ್ದ. ಒಳಗೆ ಅವನು, ಹೊರಗೆ ಇವಳು. ಅವಳು ಕಿಂಡಿಯ ಮುಂದೆ ಬಗ್ಗಿದಳು. ಒಳಗಿಂದ ಅವನೂ ಬಗ್ಗಿದ. ಕಂಟ್ರೋಲರ್ ತೂರುವಷ್ಟು ಜಾಗದಲ್ಲಿ ಎರಡು ಮುಖ.

"ಶುಕ್ರವಾರ ನೀವು ಒಂದು ಮಾತು ಶುರು ಮಾಡಿದ್ರಿ," ಅಂದಳು. "ಮುಗಿಸಿ."

ಅವನು ಕಿಂಡಿಗೆ ಇನ್ನಷ್ಟು ಹತ್ತಿರ ಬಂದ.

"ನಾಳೆಯಿಂದ ನೀವು ಇಲ್ಲಿಗೆ ಬರೋದು…"

ನಿಂತ.

ಆ ಮೌನ! ಗೇಟಯ್ಯನ ಸುತ್ತಿಗೆಗಿಂತ ಭಾರ. ಅವಳ ಗಂಟಲಲ್ಲಿ ಒಂದು "ಸಾರಿ" ಒದ್ದಾಡಿತು. ಬೇಡ ಅನ್ನಬಹುದು. ನಗಬಹುದು. ಓಡಿಹೋಗು ಎಂದಿತು ಕಾಲು. ಅವಳು ಕಿಂಡಿಯ ಅಂಚನ್ನು ಬಿಗಿಯಾಗಿ ಹಿಡಿದು ನಿಂತಳು. ಹಿಂದಕ್ಕಲ್ಲ… ಅವನ ಕಡೇಗೇ…

"…ನಿಂತ್ರೆ," ಅಂದ ಅವನು, "ನನ್ನ ದಿನಾನ ಯಾವ ಸ್ಕ್ರೂನಿಂದ ಬಿಚ್ಚಬೇಕು ಅಂತ… ನನಗೆ ಗೊತ್ತಾಗಲ್ಲ. ಇದನ್ನೇ ಹೇಳೋಕೆ ಬಂದೆ. ನೀವು ಹೋಗ್ಬಿಟ್ರಿ. ನಾನು ಬಾಗಿಲು ಬಡಿದೆ… ಅದು ಒಳಗಿಂದ ತೆಗೆಯಲ್ವಲ್ಲ."

ಅವಳ ಕಣ್ಣು ತುಂಬಿತು. ಆದರೂ ತುಟಿ ಬಿಚ್ಚಲಿಲ್ಲ.

"ಏನೂ ಹೇಳಲ್ವಾ?" ಅವನ ದನಿ ಸೋತಿತ್ತು.

"ನಿನ್ನ ಮಾತು ಮುಗೀತಾ ಅಂತ ಕಾಯ್ತಿದ್ದೆ."

'ನಿನ್ನ' ಅಂದದ್ದು ಇಬ್ಬರಿಗೂ ಕೇಳಿಸಿತು. ಅವನು ಮೊದಲ ಸಲ ತಡಮಾಡದೆ ನಕ್ಕ. ಕಿಂಡಿಯಿಂದ ಕೈ ಹೊರಗೆ ಚಾಚಿದ. ಬೆರಳ ತುದಿಯಲ್ಲಿ ಬೆಸುಗೆಯ ಸುಟ್ಟ ಕಲೆಗಳು. ಅವಳು ಹಿಡಿದುಕೊಂಡಳು.

"ಇನ್ನೂ ಒಂದು ಮಾತಿದೆ," ಅಂದ. "ದೊಡ್ಡದು. ಸ್ವಲ್ಪ… ಹೊತ್ತು ಹಿಡಿಯುತ್ತೆ."

"ಹಿಡೀಲಿ."

ಪಕ್ಕದಲ್ಲಿ ಬೀಗ ಕಿರ್ ಅಂದದ್ದು ಅವರಿಗೆ ಕೇಳಿಸಲಿಲ್ಲ. ಊಟ ಮುಗಿಸಿ ಬಂದ ಸೂಪರ್‌ವೈಸರ್ ಬಾಗಿಲನ್ನು ಹಾರುಹೊಡೆದು ನಿಂತಿದ್ದ. ತೆರೆದ ಬಾಗಿಲ ಪಕ್ಕದಲ್ಲೇ ಇಬ್ಬರೂ ಗೋಡೆಯ ಎರಡು ಬದಿಗೆ ಸೊಂಟ ಬಗ್ಗಿಸಿಕೊಂಡು, ಕಿಂಡಿಯಲ್ಲಿ ಕೈ ಹಿಡಿದುಕೊಂಡಿದ್ದರು.

"ಮೇಡಂ," ಅಂದ ಸೂಪರ್‌ವೈಸರ್, "ಬಾಗಿಲು ತೆಗೆದೇ ಇದೆ."

ಅವಳು ತಿರುಗಲಿಲ್ಲ. ಸಾರಿ ಅನ್ನಲೂ ಇಲ್ಲ.

"ಒಂದು ನಿಮಿಷ ಇರಿ ಸರ್. ಇವರಿನ್ನೂ ಹೇಳ್ತಿದ್ದಾರೆ."