ಜಗಲಿಯಲ್ಲಿ ಉಳಿದ ಮಡಿಲಕ್ಕಿ

“ಅತ್ತೆಮ್ಮಾ, ಇವತ್ತೊಂದಿನ ಬಾಗ್ಲು ಹಾಕ್ಬೇಡಿ… ನನ್ನ ತಮ್ಮ ಹೋಗೋದನ್ನ ಇಲ್ಲಿಂದ್ಲೇ ನೋಡ್ತೀನಿ!”

ತುಂಬು ಬಸುರಿ ಬನಶಂಕರಮ್ಮ ಹೊಸಿಲಲ್ಲಿ ನಿಂತು ಅಂಗಲಾಚಿದಳು. ಅತ್ತೆ ಎರ್ರಮ್ಮನ ಬಾಯಿ ಸುಮ್ಮನಿರುತ್ತದೆಯೇ? “ನೋಡ್ಕೋ, ಹೊಸ್ಲು ಮಾತ್ರ ದಾಟ್ಬೇಡ. ಮೊದಲ್ನೇ ಬಸುರಿಗೆ ಮಡ್ಲು ತುಂಬ್ಸೋಕೆ ಬರ್ದೆ ರೇಸಿಗೆ ಹೋದೋನು ಅವ್ನು. ಮಗು ಕಣ್ಣೇ ಬಿಡ್ಲಿಲ್ಲ. ಅದಕ್ಕೇ ಆ ತವರಿಗೂ ನಮ್ಗೂ ಋಣ ತೀರ್ತು ಕಣಮ್ಮ!”

ತಂದೆ ತಾಯಿಯಿಲ್ಲದ ಆ ತಮ್ಮ ಮುತ್ಯಾಲಪ್ಪನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಇವಳೇ. ಹಿಂದೂಪುರದ ನೇಯ್ಗೆಯವರ ಮನೆಯಲ್ಲಿ ಹುಟ್ಟಿದವನಿಗೆ ಅದೆಲ್ಲಿಂದ ಹತ್ತಿತೋ ಸೈಕಲ್ಲಿನ ಹುಚ್ಚು, ಜಿಲ್ಲೆಗೇ ಚಾಂಪಿಯನ್ ಆಗಿಬಿಟ್ಟಿದ್ದ. ಇಂದಿನದು ಹಿಂದೂಪುರದಿಂದ ಅಕ್ಕನ ಊರಾದ ಕಲ್ಯಾಣದುರ್ಗಕ್ಕೆ ಬಂದು ಹಿಂತಿರುಗುವ ದೊಡ್ಡ ಪಂದ್ಯ. ಗೆದ್ದರೆ ಹೈದರಾಬಾದಿನ ತಂಡ, ರೈಲ್ವೆ ಕೆಲಸ. ಸೋತರೆ ಬಾಳೆಲ್ಲ ಮಗ್ಗದ ಗುಂಡಿ.

“ಬಂದ್ರು! ಬಂದ್ರು!” ಬೀದಿಯೆಲ್ಲ ಕೂಗಿತು. ಎಲ್ಲರಿಗಿಂತ ಮುಂದೆ ಅವನೇ! ಬನಶಂಕರಮ್ಮನ ಜೀವ ಹಿಗ್ಗಿತು. ಆದರೆ ಇದೇನಿದು… ಮನೆಯ ಮುಂದೆಯೇ ಬ್ರೇಕ್ ಹಾಕಿದನಲ್ಲ! ಸೈಕಲ್ಲನ್ನು ಗೋಡೆಗೆ ಒರಗಿಸಿ, ಬೆನ್ನಿಗೆ ಕಟ್ಟಿಕೊಂಡಿದ್ದ ಗಂಟನ್ನು ಜಗಲಿಯ ಮೇಲೆ ಬಿಚ್ಚಿದ. ಅಕ್ಕಿ, ಕೊಬ್ಬರಿ, ಬೆಲ್ಲ, ಹಸಿರು ರವಿಕೆ ಕಣ… ತವರಿನ ಮಡಿಲಕ್ಕಿ!

“ಅಕ್ಕಾ, ಅವತ್ತು ತಪ್ಪು ಮಾಡ್ಬುಟ್ಟೆ. ನಿಮ್ಮತ್ತೆಮ್ಮನ್ನ ಕರಿ, ಕಾಲು ಹಿಡ್ಕೋತೀನಿ. ಅವ್ರು ನಿನ್ನ ಮಡ್ಲು ತುಂಬೋಗಂಟ ನಾನು ಹೋಗಾಕಿಲ್ಲ.”

“ಅಯ್ಯೋ, ಹೋಗ್ಲಾ! ರೇಸು ಮುಗಿಸ್ಕೊಂಡು ಬಾ!”

“ರೇಸು ಹಾಳಾಗೋಗ್ಲಿ, ಅಕ್ಕಾ.” ಅವನು ಜಗಲಿಯ ಮೇಲೆ ಕೂತೇಬಿಟ್ಟ.

ಹಿಂದಿದ್ದ ಸೈಕಲ್ಲೊಂದು ಸರ್ರನೆ ದಾಟಿಹೋಯಿತು. ಮತ್ತೊಂದೂ ಹೋಯಿತು. ಸೆರಗೊಡ್ಡು ಎನ್ನುತ್ತಿತ್ತು ಕರುಳು… ಬನಶಂಕರಮ್ಮ ಹಲ್ಲು ಕಚ್ಚಿದಳು.

“ಯಾವೋನ್ಲಾ ನೀನು? ನಂಗೆ ತಮ್ಮ ಅಂಬೋನೇ ಇಲ್ಲ! ಒಂದು ಮಗೂನ ತಿಂದಿದ್ದು ಸಾಲ್ದಾ? ನಿನ್ನ ಅಕ್ಕಿ ಮುಟ್ಟಿದ್ರೆ ಇದೂ ಉಳಿಯಾಕಿಲ್ಲ. ಪೋರಾ, ತೊಲಗಾಚೆ! ಇನ್ನು ಈ ಮುಖ ತೋರಿಸ್ಬೇಡ!”

ಬಾಗಿಲು ದಢಾರನೆ ಮುಚ್ಚಿತು. ಆಚೆ ಸೈಕಲ್ಲಿನ ಸರಪಳಿ ಕಿರ್ರೆಂದಿತು. ಒಳಗೆ ಅವಳು ಬಾಯಿಗೆ ಸೆರಗು ತುರುಕಿಕೊಂಡು ಕುಸಿದಳು.

ಎರ್ರಮ್ಮ ಎಲ್ಲವನ್ನೂ ನೋಡಿದ್ದಳು. ಸಂಜೆ ಬಸ್ಸಿನವರು ಸುದ್ದಿ ತಂದಾಗ ಸೊಸೆಯ ಪಕ್ಕದಲ್ಲಿ ಬಂದು ಕೂತಳು. “ಗೆದ್ದನಂತೆ ಕಣಮ್ಮಾ. ಇನ್ನಾದ್ರೂ ಬಾಯ್ಬಿಟ್ಟು ಅತ್ಬಿಡು.” ಆಮೇಲೆ ಜಗಲಿಯ ಗಂಟನ್ನು ತಾನೇ ತಂದು, ಅರಿಶಿನ ಕುಂಕುಮವಿಟ್ಟು, “ಒಡ್ಡು ತಾಯಿ… ನಾನು ಪಾಪಿ” ಎಂದು ಸೊಸೆಯ ಮಡಿಲು ತುಂಬಿದಳು.

ಮರುದಿನ ಮೊದಲ ಬಸ್ಸಿಗೇ ಅವನನ್ನು ಕರೆತರಲು ಹಿಂದೂಪುರಕ್ಕೆ ಹೋದ ಎರ್ರಮ್ಮ ಒಬ್ಬಳೇ ಮರಳಿದಳು. ಅವನ ಮನೆಗೆ ಬೀಗ. ‘ಅಕ್ಕನಿಗೇ ಬೇಡವಾದೋನಿಗೆ ಈ ಊರು ಯಾಕೆ’ ಎಂದು ರೈಲು ಹತ್ತಿದನಂತೆ. ಹೇಳಿ ಕಳಿಸಿದರೂ ಅವನಿಂದ ಉತ್ತರ ಬರಲಿಲ್ಲ.

ಮಗು ಉಳಿಯಿತು, ಗಂಡು ಮಗು. ಎರ್ರಮ್ಮನೇ ಹಟ ಹಿಡಿದು ಮುತ್ಯಾಲಪ್ಪ ಎಂದು ಹೆಸರಿಟ್ಟಳು. ಅಜ್ಜಿ ಆ ಹೆಸರು ಹಿಡಿದು ಕೂಗಿದಾಗಲೆಲ್ಲ, ಮಗ ಮಡಿಲಲ್ಲೇ ಇದ್ದರೂ, ಬನಶಂಕರಮ್ಮ ಬಾಗಿಲ ಕಡೆ ನೋಡುತ್ತಿದ್ದಳು.