ನವೆಂಬರ್‌ನಲ್ಲಿ ಬೀಗ ಬಿದ್ದ ಗೇಟು

"ಮೇಡಂ, ಎಲ್ಲಿಗೆ ಕಳಿಸಿದ್ದೀರಿ ಮಾರಾಯ್ರೆ ನಮ್ಮನ್ನು? ಗೇಟಿಗೆ ಬೀಗ ಉಂಟು!"

ಫೋನಿನಲ್ಲಿ ಸಿಡಿದ ಆ ದನಿಗೆ ನೇತ್ರಾಳ ಕೈಯಲ್ಲಿದ್ದ ಚಹಾ ತುಳುಕಿತು.

ಅವಳು ಕೆಲಸ ಮಾಡುವ, ಕುವೈತಿನ ಫರ್ವಾನಿಯಾದ ಟ್ರಾವೆಲ್ ಆಫೀಸಿನಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ. ಆ ಕಡೆ ಇದ್ದವನು ಅಖಿಲ್, ಅಬು ಹಲೀಫಾದ ಹೋಟೆಲೊಂದರಲ್ಲಿ ಕೆಲಸ ಮಾಡುವ ಉಡುಪಿಯ ಹುಡುಗ. ತಾಯಿ ಸುಗಂಧಿಯನ್ನು ಕರೆದುಕೊಂಡು, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮೋಟರ್‌ಹೋಮ್‌ನಲ್ಲಿ ಇಂಗ್ಲೆಂಡಿನ ಹಳ್ಳಿಗಾಡು ಸುತ್ತಲು ಹೋಗಿದ್ದ. ಬುಕಿಂಗ್ ಎಲ್ಲ ವಾಟ್ಸಾಪ್‌ನಲ್ಲೇ ಆಗಿತ್ತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಬೀಗಾನ? ಯಾಕ್ರೀ? ನವೆಂಬರ್ ಅಂದ್ರ ಕ್ಯಾಂಪಿನ ಸೀಸನ್ ಅಲ್ಲೇನ್ರೀ?"

ಪಾಪ, ಅವಳಿಗಾದರೂ ಏನು ಗೊತ್ತು? ಕುವೈತಿನಲ್ಲಿ ನವೆಂಬರ್ ಬಂತೆಂದರೆ ಊರಿಗೆ ಊರೇ ಮರಳುಗಾಡಿನಲ್ಲಿ ಡೇರೆ ಹೊಡೆಯುತ್ತದೆ. ಮೂರು ವರ್ಷ ಅದನ್ನೇ ನೋಡಿದ್ದ ಗದಗಿನ ಹುಡುಗಿ, ಇಂಗ್ಲೆಂಡಿನಲ್ಲೂ ಹಾಗೇ ಎಂದುಕೊಂಡು, ಒಂದು ಕ್ಯಾಂಪಿಗೂ ಫೋನ್ ಮಾಡಿ ಕೇಳದೆ, ರಾತ್ರಿ ಗಾಡಿ ನಿಲ್ಲಿಸುವ ಕ್ಯಾಂಪುಗಳ ಪಟ್ಟಿ ಕಳಿಸಿಬಿಟ್ಟಿದ್ದಳು!

"ಎಂತ ಸೀಸನ್? ಮಾರ್ಚ್ ತನಕ ಬಂದ್ ಅಂತ ಬೋರ್ಡ್ ಉಂಟು. ನಳ್ಳಿಯೂ ಬಂದ್. ಗಾಡಿಯ ಟ್ಯಾಂಕಿಯಲ್ಲಿ ನೀರು ಮುಗಿದಿದೆ. ಅಮ್ಮ ಚಳಿಗೆ ನಡುಗ್ತಾ ಇದ್ದಾರೆ."

ನೇತ್ರಾ ಪಟ್ಟಿಯಲ್ಲಿದ್ದ ಒಂದೊಂದೇ ಕ್ಯಾಂಪಿಗೆ ಫೋನ್ ಮಾಡಿದಳು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು... ಎತ್ತುವವರಿಲ್ಲ.

'ಇಷ್ಟ್ ದೂರ ಕುಂತ ನಾ ಏನ್ ಮಾಡ್ಲಿ ದೇವರೇ...'

ಎರಡು ತಾಸಿನ ಮೇಲೆ ಒಂದು ಕ್ಯಾಂಪಿನ ಒಡತಿಯಾದ ರೈತ ಹೆಂಗಸು ಫೋನ್ ಎತ್ತಿದಳು. ನೇತ್ರಾಳ ಇಂಗ್ಲಿಷ್‌ಗಿಂತ ಅವಳ ಅಳುವೇ ಆಕೆಗೆ ಚೆನ್ನಾಗಿ ಅರ್ಥವಾಗಿರಬೇಕು. ತನ್ನ ಅಂಗಳದಲ್ಲೇ ಗಾಡಿ ನಿಲ್ಲಿಸಲಿ, ನೀರೂ ಕೊಡುತ್ತೇನೆ ಎಂದಳು.

ಸಂಜೆ ಅಖಿಲ್‌ನ ಫೋನು ಬಂತು. ದನಿ ಈಗ ತಣ್ಣಗಾಗಿತ್ತು.

"ಅಮ್ಮ ಗಂಜಿಗೆ ಇಟ್ಟಾಯ್ತು. ಬೈದದ್ದಕ್ಕೆ ಸಾರಿ... ನೀವು ಅತ್ತದ್ದಾ?"

"ಇಲ್ರೀ. ನೆಗಡಿ."

"ನನ್ನಿಂದ ಬಂದ ನೆಗಡಿ ಅಲ್ವಾ?"

ನೇತ್ರಾ ಅಳುತ್ತಲೇ ನಕ್ಕುಬಿಟ್ಟಳು.

ಮರುದಿನದಿಂದ ಅವನು ದಿನವೂ ಫೋನ್ ಮಾಡಿದ. ದಾರಿ ಕೇಳುವುದು ಬರೀ ನೆಪ! ಮಂಜಿನಲ್ಲಿ ಅಡ್ಡ ನಿಂತ ಕುರಿಗಳು, ಬಾಗಿಲು ಹಾಕಿದ ಚಹಾ ಅಂಗಡಿ, ಊರೇ ಇಲ್ಲದ ರಸ್ತೆ... ಎಲ್ಲವನ್ನೂ ಹೇಳುತ್ತಿದ್ದ. ಅವನ ಫೋನು ಬರುವ ಹೊತ್ತಿಗೆ ಅವಳಿಗೆ ಬೇರೆ ಕೆಲಸವೇ ಹತ್ತುತ್ತಿರಲಿಲ್ಲ.

ಐದನೆಯ ದಿನ ಮ್ಯಾನೇಜರ್ ರೂಬೆನ್ ಕರೆದರು.

"ನಿನ್ನ ಕಸ್ಟಮರ್ ನಮ್ಮ ಇಂಟರ್ನೆಟ್ ಪೇಜಿನಲ್ಲಿ ಬರೆದಿದ್ದಾನೆ. 'ಬೀಗ ಹಾಕಿದ ಕ್ಯಾಂಪಿಗೆ ಕಳಿಸಿದರು' ಅಂತ. ನಮ್ಮ ಅರಬಿ ಮಾಲೀಕರು, ಕಫೀಲ್, ಅದನ್ನು ನೋಡಿ ಖಲಾಸ್, ಮುಗೀತು ಅಂದ್ರು ಮಗಳೇ. ನಿನ್ನ ಇಕಾಮಾ ಕ್ಯಾನ್ಸಲ್."

ಇಲ್ಲಿ ಇರಲು ಕೊಟ್ಟ ಪರವಾನಗಿಯಾದ ಆ ಇಕಾಮಾ ಹೋದರೆ ಕುವೈತೂ ಇಲ್ಲ, ಕೆಲಸವೂ ಇಲ್ಲ. ಹೀಗೆ ಕೆಲಸ ಕಳೆದುಕೊಂಡು ಮನೆ ಸೇರಿದರೆ ಅಪ್ಪ ಮತ್ತೆ ಹೊರಗೆ ಕಳಿಸುವವರಲ್ಲ. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ದಿನವೂ ಅಷ್ಟು ಮೆತ್ತಗೆ ಮಾತಾಡಿ, ಹಿಂದಿನಿಂದ ಹೀಗೆ ಬರೆದನಲ್ಲ!

ಅಳುತ್ತಲೇ ಅವನ ನಂಬರನ್ನು ಬ್ಲಾಕ್ ಮಾಡಿದಳು.

ಎಂಟು ದಿನದ ನಂತರ ಅವಳು ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಎದುರಿಗೆ ಯಾರೋ ಬಂದು ನಿಂತರು.

"ನೇತ್ರಾ ಅಂದ್ರೆ ನೀವೇನಾ?"

ಆ ದನಿ! ಅವಳು ಡ್ರಾಯರನ್ನು ಧಡಾರನೆ ತಳ್ಳಿದಳು.

"ಯಾಕ್ ಬಂದ್ರಿ? ಬರದದ್ದು ಸಾಲಲಿಲ್ಲೇನು? ನನ್ನ ಕೆಲಸಾನೂ ಹೋತು, ಇಕಾಮಾನೂ ಹೋತು!"

ಅಖಿಲ್ ಬೆಪ್ಪಾದ. "ನಾನು ಬರೆದದ್ದನ್ನು ಪೂರ್ತಿ ಓದಿದ್ರಾ?"

ಅವನು ಫೋನ್ ಮುಂದೆ ಹಿಡಿದ. ಪೇಜಿನಲ್ಲಿ ಮೊದಲ ಸಾಲು ಮಾತ್ರ ಕಾಣುತ್ತಿತ್ತು. ಒತ್ತಿದ ಮೇಲೆ ಉಳಿದದ್ದು ತೆರೆದುಕೊಂಡಿತು: 'ಆದರೆ ನಮಗಾಗಿ ಎರಡು ಗಂಟೆ ಫೋನ್ ಕೆಳಗಿಡದ ಒಬ್ಬ ಹುಡುಗಿ ಆ ಆಫೀಸಿನಲ್ಲಿದ್ದಾಳೆ. ಅಂಥವರು ನಿಮಗೂ ಸಿಗಲಿ.'

ಒತ್ತಿ ನೋಡುವಷ್ಟು ತಾಳ್ಮೆ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ. ಸಿಟ್ಟಿನಲ್ಲಿ ಅವಳಿಗೂ ಇರಲಿಲ್ಲ.

ಅಖಿಲ್ ರೂಬೆನ್ ಹತ್ತಿರ ಓಡಿದ. ಬೇಡಿಕೊಂಡ. ಕೈ ಮುಗಿದ.

ರೂಬೆನ್ ತಲೆ ತಗ್ಗಿಸಿದರು. "ಎಲ್ಲ ಮುಗಿದುಹೋಯ್ತು ಭಾಯಿ. ಗುರುವಾರ ಅವಳ ಫ್ಲೈಟು."

ಹಿಂದಿರುಗಿದ ಅಖಿಲ್‌ನ ಕಣ್ಣು ತುಂಬಿತ್ತು.

"ಹೊಗಳ್ಲಿಕ್ಕೆ ಹೋಗಿ ನಿಮ್ಮ ಅನ್ನ ಕಿತ್ತುಕೊಂಡೆ ನಾನು. ಸರಿ ಮಾಡ್ಲಿಕ್ಕೆ ನನ್ನ ಕೈಯಲ್ಲಿ ಎಂತದೂ ಇಲ್ಲ..."

ನೇತ್ರಾಳ ಸಿಟ್ಟು ಅಲ್ಲೇ ಕರಗಿತು. ಕರಗಿ ಏನು ಬಂತು? ಇನ್ನು ಮೂರೇ ದಿನ!

"ಬಿಡ್ರಿ. ನಾನೂ ಪೂರ್ತಿ ಓದಲಿಲ್ಲ, ನಿಮ್ಮನ್ನ ಬೈದೆ."

"ನೇತ್ರಾ, ನೀವಂದ್ರೆ ನನಗೆ ಇಷ್ಟ. ಮುಖ ನೋಡುವ ಮೊದಲೇ ಇಷ್ಟ." ಅವನು ಮೇಜಿಗೆ ಒಂದು ಹೆಜ್ಜೆ ಹತ್ತಿರ ಬಂದ. "ಗುರುವಾರದ ಫ್ಲೈಟು ತಡೆಯುವ ಶಕ್ತಿ ನನಗಿಲ್ಲ. ಅಮ್ಮನನ್ನು ಕರ್ಕೊಂಡು ಗದಗಕ್ಕೆ ಬಂದು ನಿಮ್ಮ ಅಪ್ಪನ ಹತ್ರ ಮಾತಾಡಬಹುದು. ಅವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಆದ್ರೆ ಮೊದಲು ನೀವು ಹೇಳ್ಬೇಕು. ಬರ್ಲಾ?"

ಅವಳ ಕಣ್ಣೀರು ಇಳಿಯತೊಡಗಿತು.

"ನನ್ನ ಇಲ್ಲಿಗೆ ಕಳಸೂಮುಂದ ಯಾರೂ ನನ್ನ ಕೇಳಲಿಲ್ಲ. ಈಗ ತಿರುಗಿ ಕಳಸೂಮುಂದನೂ ಕೇಳಲಿಲ್ಲ..."

"ನಾನು ಕೇಳ್ತಾ ಇದ್ದೇನಲ್ಲ?"

"ಅದಕ್ಕ ಅಳು ಬರಾಕತ್ತೈತಿ." ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನು ನೋಡಿದಳು. "ಬರ್ರಿ."