ಬಾರ್ಸಿಲೋನಾ ತನಕ ಜೊತೆ

"ಹೆದರ್ಕೋಬೇಡಿ, ನಾನಿದೀನಿ!"

"ಅಂಜಬ್ಯಾಡ್ರಿ, ನಾ ಅದೀನಿ!"

ಅಮೆರಿಕದ ಮಿಷಿಗನ್‌ನಲ್ಲಿರುವ ನೋವೈ ಊರಿನ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಎರಡೂ ಮಾತು ಒಟ್ಟಿಗೇ ಹೊರಬಿದ್ದವು. ಆಡಿದ ಇಬ್ಬರೂ ತಬ್ಬಿಬ್ಬಾಗಿ ಮುಖ ಮುಖ ನೋಡಿಕೊಂಡರು. ವಸುಧಾಳ ಎದೆ ಯಾಕೋ ಒಮ್ಮೆ ಜೋರಾಗಿ ಹೊಡೆದುಕೊಂಡಿತು.

'ಅಯ್ಯೋ ಪಾಪ! ಇಷ್ಟು ಎತ್ತರ ಇದ್ದಾನೆ, ವಿಮಾನ ಅಂದ್ರೆ ಕೈಕಾಲು ನಡುಗುತ್ತಂತೆ...' ಅಂದುಕೊಂಡಳು ಅವಳು.

'ಅಯ್ಯ ಪಾಪ! ಇಷ್ಟ್ ಚೂಟಿ ಕಾಣ್ತಾಳ, ಒಬ್ಬಾಕಿನ ಊರು ದಾಟಿಲ್ಲಂತ...' ಅಂದುಕೊಂಡ ಅಖಿಲ್.

ಇದೆಲ್ಲ ಪದ್ಮಮ್ಮ ಆಂಟಿಯ ಕೈಚಳಕ! ಬೆಂಗಳೂರಿನಿಂದ ಯಾರ ಅತ್ತೆ ಯಾವ ವಿಮಾನದಲ್ಲಿ ಬರುತ್ತಾರೆ, ಅವರಿಗೆ ದಾರಿಯಲ್ಲಿ ಜೊತೆ ಯಾರು ಎಂದು ಹೊಂದಿಸುವುದು ನೋವೈನಲ್ಲಿ ಅವರದೇ ಖಾತೆ. ಈ ಸಲ ಮಾತ್ರ ಇಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಮಾತು ಊದಿದ್ದರು. "ಪಾಪ, ಅದಕ್ಕೆ ಏನೂ ಗೊತ್ತಾಗಲ್ಲ. ಬಾರ್ಸಿಲೋನಾ ತನಕ ಜೊತೆಗಿರು. ನಾನು ಹೇಳ್ದೆ ಅಂತ ಹೇಳ್ಬೇಡ, ಬೇಜಾರು ಮಾಡ್ಕೊಳ್ಳತ್ತೆ!"

ನಿಜಾಂಶ ಕೇಳಿ. ಆನ್ ಆರ್ಬರ್‌ನಲ್ಲಿ ಸಂಶೋಧನೆ ಮುಗಿಸಿದ ಮೈಸೂರಿನ ವಸುಧಾ ಅರ್ಧ ಪ್ರಪಂಚ ಒಂಟಿಯಾಗಿ ಸುತ್ತಿದವಳು. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರುಗಳ ಎಂಜಿನಿಯರ್ ಆಗಿದ್ದ ಧಾರವಾಡದ ಅಖಿಲ್‌ಗೆ ಬಾರ್ಸಿಲೋನಾ ಎಂದರೆ ಪಕ್ಕದ ಓಣಿ. ಈಗ ಅಲ್ಲಿಯ ಕಾರ್ಖಾನೆಗೆ ಒಂದು ವರ್ಷದ ಮಟ್ಟಿಗೆ ಹೊರಟಿದ್ದ. ವಸುಧಾಳಿಗೆ ಅಲ್ಲಿಯ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿತ್ತು. ವೀಸಾ ತಡವಾಗಿ ಸೇರುವ ದಿನವನ್ನು ಎರಡು ಸಲ ಮುಂದೂಡಿಸಿಕೊಂಡಿದ್ದಳು. ಸೋಮವಾರ ಬೆಳಿಗ್ಗೆ ಹಾಜರಾಗದಿದ್ದರೆ ಆ ಜಾಗ ಇನ್ನೊಬ್ಬರಿಗೆ ಎಂದು ಅವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಇವತ್ತು ಶನಿವಾರ.

ವಿಮಾನ ಹತ್ತಬೇಕಾದ ಷಿಕಾಗೋ ಕಡೆ ಬಾಡಿಗೆ ಕಾರು ಹೊರಟಿತು. ಕಾರಿನಲ್ಲಿ ಪಾಠ ಶುರುವಾಯಿತು!

"ಷಿಕಾಗೋದಲ್ಲಿ ಟೈಮ್ ಒಂದು ಗಂಟೆ ಹಿಂದೆ. ವಾಚ್ ಬದಲಾಯಿಸ್ಕೋಬೇಕು, ಗಾಬರಿಯಾಗ್ಬೇಡಿ," ಎಂದಳು ವಸುಧಾ, ಮಗುವಿಗೆ ಹೇಳುವಂತೆ.

ಮಿಷಿಗನ್‌ನಲ್ಲಿ ಆರು ವರ್ಷ ಕಳೆದಿದ್ದ ಅಖಿಲ್ ಕಣ್ಣರಳಿಸಿದ. "ಹೌದೇನ್ರೀ!" 'ಪಾಪ, ಬಾಯಿಪಾಠ ಮಾಡ್ಕೊಂಡು ಬಂದಾಳ. ಹೇಳ್ಲಿ ಬಿಡು.'

ಸ್ವಲ್ಪ ಹೊತ್ತಿಗೆ ಅವನ ಸರದಿ. "ಬಾರ್ಸಿಲೋನಾಕ್ಕ ಹೋಗಾಕ ದಾರಿ ಭಾಳ ಅದಾವ್ರಿ. ನಮ್ಮ ಟಿಕೆಟ್ ಫ್ರಾಂಕ್‌ಫರ್ಟ್ ಮ್ಯಾಲೆ. ಮ್ಯಾಡ್ರಿಡ್‌ತನಕ ವಿಮಾನ, ಅಲ್ಲಿಂದ ಬಸ್ಸಿನ್ಯಾಗೂ ಹೋಗಬಹುದು. ಈ ವರ್ಷ ಹೊಸಾ ರೈಲು ಬೇರೆ ಬಂದೈತಿ, ಮೂರು ತಾಸಿನ್ಯಾಗ ಮುಟ್ಟಸ್ತೈತಿ!"

ತಿಂಗಳಿಡೀ ಇಂಟರ್‌ನೆಟ್‌ನಲ್ಲಿ ಅದನ್ನೆಲ್ಲ ಜಾಲಾಡಿದ್ದ ವಸುಧಾ ಕೆನ್ನೆಗೆ ಕೈಯಿಟ್ಟುಕೊಂಡಳು. "ಹೌದಾ! ರೈಲೂ ಇದ್ಯಾ!" 'ಪಾಪ, ಧೈರ್ಯ ತಂದ್ಕೊಳ್ಳೋಕೆ ಏನೇನು ಓದ್ಕೊಂಡಿದ್ದಾನೆ...'

ಓಹೇರ್ ವಿಮಾನ ನಿಲ್ದಾಣ ತಲುಪಿದಾಗ ಹಿಮ ಸುರಿಯುತ್ತಿತ್ತು. ಗಾಜಿನಾಚೆ ಒಂದು ವಿಮಾನ ಅಬ್ಬರಿಸಿ ಮೇಲೇರಿತು. ವಸುಧಾ ಥಟ್ಟನೆ ಅಖಿಲ್‌ನ ಕೈ ಹಿಡಿದಳು. "ಉಸಿರು ತಗೊಳ್ಳಿ... ನಿಧಾನಕ್ಕೆ ಬಿಡಿ..."

ಅವನೂ ಅವಳ ಕೈಯನ್ನು ಬಿಗಿಯಾಗಿ ಹಿಡಿದ. ಇಬ್ಬರೂ ಸೇರಿ ಉಸಿರು ತಗೊಂಡರು, ಬಿಟ್ಟರು. ವಿಮಾನ ಮಾಯವಾಗಿ ಎಷ್ಟೋ ಹೊತ್ತಾದರೂ ಕೈಗಳು ಮಾತ್ರ ಬಿಡಲಿಲ್ಲ. ಅವಳಿಗೆ ಕಿವಿಯವರೆಗೆ ಬಿಸಿಯೇರಿತು.

ಅಷ್ಟರಲ್ಲಿ ಬರಸಿಡಿಲು! ಅವರು ಹತ್ತಬೇಕಾಗಿದ್ದ, ಫ್ರಾಂಕ್‌ಫರ್ಟ್‌ನಿಂದ ಬರಬೇಕಿದ್ದ ವಿಮಾನ ಹಿಮದ ಕಾರಣ ಬೇರೆ ಊರಿನಲ್ಲಿ ಇಳಿದಿದೆಯಂತೆ. ಇವತ್ತು ಹೊರಡುವುದಿಲ್ಲ. ಕೌಂಟರಿನಾಕೆ ಕಂಪ್ಯೂಟರ್ ನೋಡಿ ಹೇಳಿದಳು, ನಾಳೆಗಾದರೆ ಎರಡು ಸೀಟು ಇವೆ. ಇವತ್ತು ಸಂಜೆ ಮ್ಯಾಡ್ರಿಡ್‌ಗೆ ಇರುವುದು ಒಂದೇ ಒಂದು.

ಇವತ್ತು ಹೊರಟರೆ ಭಾನುವಾರ ಸಂಜೆಗೆ ರೈಲಿನಲ್ಲಿ ಬಾರ್ಸಿಲೋನಾ. ನಾಳೆ ಹೊರಟರೆ ಸೋಮವಾರ ಮಧ್ಯಾಹ್ನ. ಕೆಲಸ ಹೋದಂತೆಯೇ.

ವಸುಧಾ ಅಖಿಲ್‌ನ ಮುಖ ನೋಡಿದಳು. ಆಮೇಲೆ ಕೌಂಟರಿನಾಕೆಗೆ ಹೇಳಿಯೇಬಿಟ್ಟಳು. "ನಾಳೆಗೇ ಕೊಡಿ. ಎರಡೂ."

"ಏನ್ ಮಾಡಾಕತ್ತೀರಿ? ನಿಮ್ಮ ಸೋಮವಾರ?" ಎಂದ ಅಖಿಲ್ ಗಾಬರಿಯಿಂದ.

"ಹೋದ್ರೆ ಹೋಗ್ಲಿ!" ಎಂದಳು ಅವಳು. "ನಿಮ್ಮನ್ನ ಒಬ್ರನ್ನೇ ಬಿಟ್ಟು ಹೋಗೋಕೆ ನನ್ನ ಕೈಲಾಗಲ್ಲ."

"ನನ್ನ? ವರ್ಷಕ್ಕ ಮೂರ್ನಾಕು ಸಲ ಹೋಗ್ತೀನ್ರೀ ನಾ! ನೀವು ಒಬ್ಬರ ಹೆಂಗ ಹೋಗ್ತೀರಿ ಅಂತ ನಾ ಚಿಂತಿ ಮಾಡಾಕತ್ತೀನಿ!"

"ನಾನಾ? ಟೋಕಿಯೋಗೇ ಒಬ್ಬಳೇ ಹೋಗಿ ಬಂದಿದೀನಿ!"

ಇಬ್ಬರೂ ಒಟ್ಟಿಗೆ... "ಪದ್ಮಮ್ಮ ಆಂಟಿ!"

ಫೋನ್ ಹಚ್ಚಿದರೆ ಆಂಟಿಗೆ ಎಳ್ಳಷ್ಟೂ ನಾಚಿಕೆಯಿಲ್ಲ. "ಮತ್ತೆ? ಹುಡುಗಿ ನೋಡೋಕೆ ಬಾ, ಹುಡುಗನ್ನ ನೋಡೋಕೆ ಬಾ ಅಂದಿದ್ರೆ ನೀವಿಬ್ರೂ ಬರ್ತಿದ್ರಾ? ಚೆನ್ನಾಗಿದಾನಲ್ವೇನೇ?" ವಸುಧಾ ಫಕ್ಕನೆ ಫೋನ್ ಇಟ್ಟಳು. ಅಖಿಲ್‌ಗೂ ಕೇಳಿಸಿತ್ತು!

ಅವಳಿಗೆ ಅವಮಾನದಿಂದ ಅಳುವೇ ಬಂತು. ವಾಚ್ ಪಾಠ, ಉಸಿರಿನ ಪಾಠ... ಛೇ! "ಒಳಗೊಳಗೇ ನಗ್ತಿದ್ರಾ ನನ್ನ ನೋಡಿ?"

"ಇಲ್ರೀ, ಆಣಿ ಮಾಡಿ ಹೇಳ್ತೀನಿ! ಅಂಜಿಕಿ ಆಗಿ ನನ್ನ ಕೈ ಹಿಡಿದೀರಿ ಅಂತ ತಿಳ್ಕೊಂಡೆ. ಬಿಟ್ರ ಅಳ್ತೀರೇನೋ ಅಂತ ಬಿಡ್ಲಿಲ್ಲ."

"ನಾನೂ ಅದಕ್ಕೇ ಬಿಡ್ಲಿಲ್ಲ!"

ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಆದರೆ ಅವಳ ಮನಸ್ಸು ಬೇರೆಯೇ ಲೆಕ್ಕ ಹಾಕುತ್ತಿತ್ತು. ಯಾರೋ ಪಾಪದವನು ಎಂದಷ್ಟೇ ಆಗಿದ್ದರೆ ಇಷ್ಟು ಕಷ್ಟಪಟ್ಟ ಕೆಲಸವನ್ನು ಬಿಡುತ್ತಿದ್ದಳೇ? ಇಲ್ಲವೇ ಇಲ್ಲ. ಬೆಳಿಗ್ಗೆಯಿಂದ ಸಂಜೆಯೊಳಗೆ ಅವನು ಅವಳಿಗೆ ಬೇಕಾದವನಾಗಿಬಿಟ್ಟಿದ್ದ.

ಅಖಿಲ್ ಕೌಂಟರಿನಾಕೆಗೆ ವಸುಧಾಳ ಟಿಕೆಟ್ ಕೊಟ್ಟ. "ಮ್ಯಾಡ್ರಿಡ್ ಸೀಟು ಇವರಿಗೆ."

ಅವಳು ಬೇಡ ಎನ್ನಲಿಲ್ಲ. ಬೋರ್ಡಿಂಗ್ ಪಾಸ್ ಹಿಡಿದು ನಿಂತಳು, ಹೆಜ್ಜೆ ಮಾತ್ರ ಏಳಲಿಲ್ಲ.

"ಈಗ ಖರೇನ ಅಂಜಿಕಿ ಆಗಾಕತ್ತೇತ್ರಿ," ಎಂದ ಅಖಿಲ್ ತಲೆತಗ್ಗಿಸಿ.

"ವಿಮಾನಕ್ಕಾ?"

"ಅಲ್ರೀ. ನೀವು ಹೋದ ಮ್ಯಾಲೆ ನಾಳೆತನಕ ನಾ ಹೆಂಗ ಹೊತ್ತು ಕಳೀಲಿ ಅಂತ."

"ಒಂದೇ ದಿನ ಅಲ್ವಾ..."

"ಒಂದ ದಿನಕ್ಕ ಹಿಂಗಾದ್ರ, ಮುಂದಿಂದು ನೀವ ಹೇಳ್ರಿ."

ವಸುಧಾ ಒಂದು ಹೆಜ್ಜೆ ಹತ್ತಿರ ಬಂದಳು. "ನೀವೂ ಮ್ಯಾಡ್ರಿಡ್ ಮೇಲೇ ಬನ್ನಿ, ರೈಲಲ್ಲಿ. ಸೋಮವಾರ ಕೆಲಸ ಮುಗಿಸಿ ಸ್ಟೇಷನ್‌ಗೆ ಬಂದು ಕಾಯ್ತೀನಿ."

"ನನಗ ದಾರಿ ಗೊತ್ತೈತ್ರೀ..."

"ಗೊತ್ತು," ಎಂದಳು ಅವಳು. "ಆದ್ರೂ ಬಂದು ಕಾಯ್ತೀನಿ."